‘ಕೊನ್ಸ್ತಿಪಾದೊ’: ಕಟ್ಟಿದ್ದು ಮೂಗೋ, ಹೊಟ್ಟೆಯೋ?

ಬಲ್ಲವರಲ್ಲಿ ಒಂದು ಕೇಳಿಕೆ. ಬೆಳಗಾವಿಯಲ್ಲಿ ಜಿಟಿಜಿಟಿ ಮಳೆ ಹಿಡಿದು ವಾರವಾಯಿತು, ಮನೆಯಲ್ಲಿ ಎಲ್ಲರ ಮೂಗೂ ಸೋರುತ್ತಿದೆ. ಸ್ಪ್ಯಾನಿಷ್ ಕಲಿಯುತ್ತಿರುವ ತಂಗಿಯ ಮಗಳಿಗೂ ಇದೇ ಹೊತ್ತಿಗೆ ನೆಗಡಿ-ಕೆಮ್ಮಿನ ಪಾಠ ಬಂದಿದೆ. ನಿನ್ನೆ ಅವಳ ನೋಟ್‌ಬುಕ್ಕಿನಲ್ಲಿ ‘ಎಸ್ತೋಯ್ ಕೊನ್ಸ್ತಿಪಾದಾ’ ಎಂಬ ವಾಕ್ಯದ ಮುಂದೆ ‘ನನಗೆ ಮಲಬದ್ಧತೆ ಆಗಿದೆ’ ಎಂದಿತ್ತು. ಇಂಗ್ಲಿಷಿನ ಕಾನ್‌ಸ್ಟಿಪೇಶನ್ ನೆನೆದು ಬರೆದಿದ್ದಾಳೆ. ಸ್ಪೇನಿನಲ್ಲಿ ಹೆಣ್ಣುಮಗಳೊಬ್ಬಳು ಹಾಗೆಂದರೆ ಅವಳಿಗೆ ನೆಗಡಿಯಾಗಿದೆ ಎಂದರ್ಥ, ಗಂಡಸಾದರೆ ‘ಕೊನ್ಸ್ತಿಪಾದೊ’. ಮಲಬದ್ಧತೆಗೆ ‘ಎಸ್ತ್ರೆನ್ಯೀದೊ’ ಎಂಬ ಬೇರೆಯೇ ಪದವಿದೆ. (ಲ್ಯಾಟಿನ್ ಅಮೆರಿಕದ ಕೆಲವೆಡೆ ಕೊನ್ಸ್ತಿಪಾದೊವನ್ನು ಹೊಟ್ಟೆಗೂ ಹೇಳುತ್ತಾರೆ.)

ಅವಳು ರಬ್ಬರಿನಿಂದ ಉಜ್ಜುತ್ತಿದ್ದಾಗ ನನಗೆ ಹೊಳೆದದ್ದು ಇಷ್ಟು. ಕೊನ್ಸ್ತಿಪಾದೊ, ಕಾನ್‌ಸ್ಟಿಪೇಶನ್ ಎರಡರ ಬೇರೂ ಲ್ಯಾಟಿನ್ನಿನ ‘ಕೊನ್ಸ್ತಿಪಾರೆ’: ಒತ್ತೊತ್ತಾಗಿ ತುರುಕುವುದು, ಬಿಗಿಯುವುದು. ಸ್ಪ್ಯಾನಿಷ್ ಆ ಬಿಗಿತವನ್ನು ಮೂಗಿಗೆ ಕೊಟ್ಟಿತು, ಇಂಗ್ಲಿಷ್ ಹೊಟ್ಟೆಗೆ. ನಮ್ಮ ‘ಕಟ್ಟು’ ಎರಡನ್ನೂ ಬಿಟ್ಟುಕೊಟ್ಟಿಲ್ಲ. ಮೂಗು ಕಟ್ಟುತ್ತದೆ, ಗಂಟಲು ಕಟ್ಟುತ್ತದೆ, ಎದೆಯಲ್ಲಿ ಕಫ ಕಟ್ಟುತ್ತದೆ, ಮಲವೂ ಕಟ್ಟುತ್ತದೆ. ಇಂಗ್ಲಿಷನ್ನು ಸುತ್ತಿ ಬರುವುದಕ್ಕಿಂತ ಕನ್ನಡದ ದಾರಿಯೇ ಅವಳಿಗೆ ಹತ್ತಿರವಿತ್ತು.

ಇನ್ನೊಂದು ಕಡೆಯೂ ಹಾಗೆಯೇ. ‘ಮೆ ದ್ವೇಲೆ ಲಾ ಗರ್ಗಾಂತಾ’ ಎಂಬಲ್ಲಿ ‘ಮೆ’ ಎಂದರೆ ‘ನನಗೆ’. ನನಗೆ ಗಂಟಲು ನೋಯುತ್ತಿದೆ! ‘ನನ್ನ ಗಂಟಲು’ ಎನ್ನುವ ಗೊಡವೆಯೇ ಅವರಿಗಿಲ್ಲ, ನಮಗೂ ಇಲ್ಲ. ಇದನ್ನು ತೋರಿಸಿದಾಗ ಹುಡುಗಿ ತಲೆ, ಕಿವಿ, ಬೆನ್ನು ಎಲ್ಲವನ್ನೂ ಅದೇ ಅಚ್ಚಿಗೆ ಹಾಕಿ ನೋಡಿದಳು.

ಈಗ ನನ್ನ ತೊಡಕು. ನೆಗಡಿಗೆ ಅವರಲ್ಲಿ ಇನ್ನೂ ಎರಡು ಹೆಸರುಗಳಿವೆ. ‘ರೆಸ್ಫ್ರಿಯಾದೊ’ದಲ್ಲಿ ಇರುವುದು ‘ಫ್ರೀಯೊ’, ಅಂದರೆ ತಂಪು. ನಮ್ಮ ಶೀತ, ಥಂಡಿ, ಇಲ್ಲಿನ ಮರಾಠಿ ಮನೆಗಳ ಸರ್ದಿ ಎಲ್ಲ ಆ ಬಳಗದವು. ‘ಕತಾರ್ರೊ’ ಗ್ರೀಕಿನಿಂದ ಬಂದದ್ದು, ‘ಕೆಳಗೆ ಹರಿಯುವುದು’ ಎಂಬುದು ಅದರ ಮೂಲಾರ್ಥ. ಸ್ಪೇನಿನವರು ದಿನಬಳಕೆಯಲ್ಲಿ ಒಂದರ ಬದಲು ಇನ್ನೊಂದನ್ನು ಆಡುತ್ತಾರೆ. ಆದರೂ ಪದಪಟ್ಟಿಯಲ್ಲಿ ಮೂರಕ್ಕೂ ‘ನೆಗಡಿ’ ಎಂದು ಬರೆಸಲು ನನಗೆ ಮನಸ್ಸಿಲ್ಲ. ಒಂದು ತಂಪಿನಿಂದ, ಒಂದು ಸೋರಿಕೆಯಿಂದ, ಒಂದು ಬಿಗಿತದಿಂದ ಹುಟ್ಟಿದ ಹೆಸರು. ಆ ಚೆಲುವು ಮಗುವಿಗೂ ಕಾಣಬೇಕು. ಮೊದಲನೆಯದಕ್ಕೆ ‘ಥಂಡಿ’, ಎರಡನೆಯದಕ್ಕೆ ‘ನೆಗಡಿ’ ಬರೆಸಿದೆ. ಕೊನ್ಸ್ತಿಪಾದೊಗೆ ‘ಮೂಗು ಕಟ್ಟಿದೆ’ ಎನ್ನೋಣವೆಂದರೆ, ‘ನರೀಸ್ ತಪಾದಾ’ಕ್ಕೆ ಅದೇ ಸರಿಯಾದ ಅರ್ಥ, ಅದನ್ನು ಕಸಿಯುವಂತಿಲ್ಲ.

ಕಫವಿಲ್ಲದ ಕೆಮ್ಮನ್ನು ‘ಒಣಕೆಮ್ಮು’ ಎಂದು ಬೇರೆ ಮಾಡುತ್ತೇವಲ್ಲ, ಹಾಗೆ ಸೋರದೆ, ಸೀನೂ ಬಾರದೆ, ಮೂಗಿನಲ್ಲೇ ಬಿಗಿದು ಕುಳಿತ ನೆಗಡಿಗೆ ಬಾಗಲಕೋಟೆ, ವಿಜಯಪುರದ ಕಡೆಯ ಹಿರಿಯರ ಬಾಯಲ್ಲಿ ಒಂದು ಪದ ಇದೆಯೇ? ಊರಿನ ಹೆಸರಿನೊಡನೆ ತಿಳಿಸಿ. ನೋಟ್‌ಬುಕ್ಕಿನಲ್ಲಿ ಆ ಸಾಲನ್ನು ಖಾಲಿ ಬಿಡಿಸಿದ್ದೇನೆ.