ಫಸಲು ಕೈಗೆ ಹತ್ತದಾಗ ಗಲಾತ್ಯ 6:9 ಹೇಗೆ ಅರ್ಥ ಮಾಡಿಕೊಳ್ಳಬೇಕು?

ಪ್ರಶ್ನೆ (ತೀರ್ಥಹಳ್ಳಿ ಕಡೆಯವ):
ಎಲೆಚುಕ್ಕೆ ರೋಗ ಬಂದ ಮೇಲೆ ಈ ಭಾಗದ ತೋಟಗಳಲ್ಲಿ ಗೊಬ್ಬರ, ಔಷಧಿ, ಆಳಿನ ಕೂಲಿ ಎಲ್ಲಾ ಸುರಿದರೂ ಅಡಿಕೆ ಅಷ್ಟಕ್ಕಷ್ಟೇ. ಪ್ರಾರ್ಥನಾ ಕೂಟಗಳಲ್ಲಿ ಬೈಬಲಿನ ಗಲಾತ್ಯ 6:9 ಹೇಳಿ "ಒಳ್ಳೇದು ಮಾಡೋದರಲ್ಲಿ ಬೇಸರಪಡಬೇಡಿ, ತಕ್ಕ ಕಾಲದಲ್ಲಿ ಬೆಳೆ ಬರುತ್ತೆ" ಅಂತಾರೆ. ಬರದಿದ್ದರೆ ನಂಬಿಕೆ ಸಾಲದು ಅಂತಾರೆ. "ಬೀಜದ ಕಾಣಿಕೆ" ಕೊಟ್ಟರೆ ನೂರ್ಮಡಿ ಅನ್ನೋರೂ ಇದ್ದಾರೆ. ತಾಳ್ಮೆ ಅಂದರೆ ಏನು ಮಾಡಬೇಕು, ಎಷ್ಟು ದಿನ?

ಹೊಸನಗರ ಓದುಗ:
ಆ ವಚನವನ್ನು 6ರಿಂದ 10ರವರೆಗೆ ಒಟ್ಟಿಗೆ ಓದಿ. ಬೋಧಿಸುವವನಿಗೆ ಪಾಲು ಕೊಡುವುದು, ಎಲ್ಲರಿಗೂ ಒಳ್ಳೇದು ಮಾಡುವುದು, ಇದೇ ಅಲ್ಲಿನ ಬಿತ್ತನೆ. 8ನೇ ವಚನದಲ್ಲಿ ಬೆಳೆ ನಿತ್ಯಜೀವ. ಕ್ವಿಂಟಲ್ ಲೆಕ್ಕ ಅಲ್ಲಿಲ್ಲ. ನೂರ್ಮಡಿಯೂ ಹಾಗೇ: ಮಾರ್ಕ 4ರಲ್ಲಿ ಬೀಜ ಅಂದರೆ ವಾಕ್ಯ. 2 ಕೊರಿಂಥ 9ರ ಬಿತ್ತನೆ ಯೆರೂಸಲೇಮಿನ ಬಡ ವಿಶ್ವಾಸಿಗಳಿಗೆ ಎತ್ತಿದ ಹಣ. ಕಾಣಿಕೆ ಕೇಳೋರಿಗೆ ಇದು ಗೊತ್ತಿಲ್ಲ ಅಂತ ನಂಬೋದು ಕಷ್ಟ.

ಫಲವಿಲ್ಲದ್ದಕ್ಕೆ ನಂಬಿಕೆಯನ್ನೇ ದೂರುವವರು ಹಬಕ್ಕೂಕ 3:17-18 ನೋಡಲಿ. ಅಂಜೂರ, ದ್ರಾಕ್ಷಿ, ಎಣ್ಣೆಮರ, ಹೊಲ, ಕುರಿ, ದನ, ಆರೂ ಹೋಗಿವೆ. ಆದರೂ ಕರ್ತನಲ್ಲಿ ಸಂತೋಷಪಡುತ್ತೇನೆ ಅನ್ನುವವನಿಗೆ ನಂಬಿಕೆ ಕಡಿಮೆ ಅನ್ನೋಕಾಗುತ್ತಾ? ಯೆಶಾಯ 49:4ರಲ್ಲಿ ದೇವರ ಸೇವಕನೇ ದುಡಿದದ್ದು ವ್ಯರ್ಥವಾಯಿತು ಅನ್ನುತ್ತಾನೆ.

ತೋಟದ ಕಡೆಯಿಂದ:
"ಎಷ್ಟು ದಿನ" ಅನ್ನೋದಕ್ಕೆ ಲೂಕ 13:6-9. ಮೂರು ವರ್ಷ ಹಣ್ಣು ಬಿಡದ ಅಂಜೂರ, ಯಜಮಾನ ಕಡಿ ಅನ್ನುತ್ತಾನೆ. ತೋಟಗಾರ ಇನ್ನೊಂದು ವರ್ಷ ಕೇಳುತ್ತಾನೆ, ಸುಮ್ಮನೆ ಕಾಯೋಕಲ್ಲ: ಸುತ್ತ ಅಗೆದು ಗೊಬ್ಬರ ಹಾಕುತ್ತೇನೆ, ಆಮೇಲೂ ಬಿಡದಿದ್ದರೆ ಕಡಿಯಿರಿ ಅಂತ. ಕೆಲಸವೂ ಇದೆ, ಗಡುವೂ ಇದೆ. ಮೂಲತಃ ಅದು ಮಾನಸಾಂತರದ ಸಾಮ್ಯ, ಅದನ್ನು ಮರೆಯಬಾರದು. ಆದರೂ ತಾಳ್ಮೆಯ ಅಳತೆ ಅದರಲ್ಲೇ ಸಿಗುತ್ತದೆ.

ಹಾಗಾಗಿ ಗಡುವು ಇಡುವ ಮೊದಲು ಅಗೆತ ಸರಿಯಾಗಿದೆಯಾ ನೋಡಿ. ಮರವೊಂದಕ್ಕೆ ವರ್ಷಕ್ಕೆ ಸಾರಜನಕ 100 ಗ್ರಾಂ, ರಂಜಕ 40, ಪೊಟ್ಯಾಷ್ 140, ಎರಡು ಕಂತಲ್ಲಿ. ಯೂರಿಯಾ ಮಾತ್ರ ಸುರಿದು ಪೊಟ್ಯಾಷ್ ಬಿಡೋದು ಸಾಮಾನ್ಯ ತಪ್ಪು. ಚುಕ್ಕೆ ಜಾಸ್ತಿ ಇರುವ ಎಲೆ ತೆಗೆದು ಸುಡಿ, ತೋಟದಲ್ಲೇ ಬಿದ್ದಿದ್ದರೆ ಅದರಿಂದಲೇ ಮತ್ತೆ ಹರಡುತ್ತೆ. ಅಕ್ಕಪಕ್ಕದವರು ಒಟ್ಟಿಗೆ ಔಷಧಿ ಹೊಡೆಯದಿದ್ದರೆ ಒಬ್ಬರ ಖರ್ಚು ಅರ್ಧ ದಂಡ.

ಬೋರ್ಡೋ (ಶಿಲೀಂಧ್ರ ರೋಗಕ್ಕೆ ಹೊಡೆಯುವ ತುತ್ತ-ಸುಣ್ಣದ ದ್ರಾವಣ) ಶೇ. 1: ಮೈಲುತುತ್ತ 1 ಕೆಜಿ 50 ಲೀಟರ್ ನೀರಲ್ಲಿ, ಸುಣ್ಣ 1 ಕೆಜಿ ಇನ್ನೊಂದು 50 ಲೀಟರಲ್ಲಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಹಾಕಬೇಕು. ಕಬ್ಬಿಣದ ಪಾತ್ರೆ ಬೇಡ. ಉಜ್ಜಿದ ಚಾಕು ಅದ್ದಿ, ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣ. ಗಾಳಿಗೆ ಬಿಟ್ಟು ಹುಡಿಯಾದ ಸುಣ್ಣದಲ್ಲಿ ಸತ್ವ ಇರಲ್ಲ, ಪ್ರಾರ್ಥನೆ ಅದನ್ನು ಸರಿಮಾಡಲ್ಲ. ಮಳೆಗಾಲದಲ್ಲಿ ಕಾಯಿ ಕೊಳೆಸುವ ಕೊಳೆರೋಗಕ್ಕೆ ಇದರ ಮೊದಲ ಸುತ್ತು ಮಳೆಗಾಲಕ್ಕೆ ಮುಂಚೆ, ಎರಡನೆಯದು 40-45 ದಿನಕ್ಕೆ, ಕಲಸಿದ್ದು ಅವತ್ತೇ ಖಾಲಿಯಾಗಬೇಕು.

ಭದ್ರಾವತಿ ಕೂಲಿಲೆಕ್ಕ:
ಒಂದು ವ್ಯತ್ಯಾಸ ಬಿಟ್ಟುಹೋಗಿದೆ. ಫಲ ರೋಗದಿಂದ ಹೋದರೆ ತಾಳ್ಮೆ. ಮನುಷ್ಯ ತಡೆಹಿಡಿದರೆ ಲೆಕ್ಕ ಕೇಳಬೇಕು. ಯಾಜಕಕಾಂಡ 19:13 ಕೂಲಿಯನ್ನು ಮರುದಿನ ಬೆಳಗಿನವರೆಗೂ ಇಟ್ಟುಕೊಳ್ಳಬೇಡ ಅನ್ನುತ್ತದೆ, ಯಾಕೋಬ 5:4ರಲ್ಲಿ ಹಿಡಿದಿಟ್ಟ ಕೂಲಿಯೇ ಕೂಗುತ್ತದೆ. ಕಡಿಮೆ ಹೊತ್ತು ದುಡಿದವರಿಗೂ ಅಷ್ಟೇ ಕೂಲಿ ಕೊಟ್ಟ ದ್ರಾಕ್ಷಿತೋಟದ ಯಜಮಾನನ ಕಥೆ (ಮತ್ತಾಯ 20) ತೋರಿಸಿ ಆಳುಗಳ ಬಾಯಿ ಮುಚ್ಚಿಸೋರು ಗಮನಿಸಲಿ: ಆ ಯಜಮಾನ ಒಪ್ಪಿದ ಒಂದು ದಿನಾರಿ ನಾಣ್ಯವನ್ನು ಅದೇ ಸಂಜೆ ಕೊಟ್ಟ. ದಿನ, ಕೆಲಸ, ಬಾಕಿ ಮೂರನ್ನೂ ಬರೆದಿಡಿ.

ಸಾಗರ ಜಪಮಾಲೆ:
ಪ್ರಾರ್ಥನೆಗೆ 13ನೇ ಕೀರ್ತನೆ ಹಿಡಿಯಿರಿ, ಆರೇ ವಚನ. ಮೊದಲ ಎರಡರಲ್ಲಿ "ಎಷ್ಟರವರೆಗೆ" ನಾಲ್ಕು ಸಲ, 3-4ರಲ್ಲಿ ಬೇಡಿಕೆ, ಕೊನೆಗೆ ಭರವಸೆ. ದೂರು ಹೇಳದೆ ನೇರ ಸ್ತೋತ್ರಕ್ಕೆ ಹಾರುವುದೇ ಬಹುಪಾಲು ಪ್ರಾರ್ಥನೆ ಟೊಳ್ಳಾಗಲು ಕಾರಣ. ತೋಟ ಮಾರೋದು, ಸಭೆ ಬಿಡೋದು ಇಂಥವನ್ನು ಮನಸ್ಸು ಕುಸಿದಿರುವಾಗ ತೀರ್ಮಾನಿಸಬೇಡಿ, ಮುಂಚೆ ಮಾಡಿದ್ದ ನಿರ್ಧಾರದಲ್ಲೇ ನಿಲ್ಲಿ. ಇದು ಯೇಸುಸಭೆ (ಜೆಸ್ವಿಟ್) ಸ್ಥಾಪಿಸಿದ ಸಂತ ಇಗ್ನೇಷಿಯಸ್ ಲೊಯೊಲಾ ಕೊಟ್ಟ ನಿಯಮ. ಕೊಯ್ಲಿನ ಗಡಿಬಿಡಿಯಲ್ಲೂ ವಾರಕ್ಕೊಂದು ದಿನ ಬಿಡುವು ಇರಲಿ. ವಿಮೋಚನಕಾಂಡ 34:21 ಉಳುಮೆ, ಸುಗ್ಗಿ ಎರಡನ್ನೂ ಹೆಸರಿಸಿಯೇ ಹೇಳಿದೆ.

ತೀರ್ಥಹಳ್ಳಿ ಕಡೆಯವ:
ಸಾಲ ಇದ್ದಾಗ ಕಾಣಿಕೆ?

ಹೊಸನಗರ ಓದುಗ:
2 ಕೊರಿಂಥ 8:12. ಇರುವುದಕ್ಕೆ ತಕ್ಕಂತೆ, ಇಲ್ಲದ್ದಕ್ಕೆ ಅಲ್ಲ. ಸಾಲ ತಂದು ಕೊಡಬೇಡಿ, ಆಳಿನ ಬಾಕಿ ಮೊದಲು.