ಸಹಾಯ ಬೇಕು: ಫೋನಿನಿಂದಲೇ ಇಮೇಲ್‌ಗಳನ್ನು ನೋಟ್ಸ್ ಆ್ಯಪ್‌ಗೆ ಸೇವ್ ಮಾಡುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮುಖ್ಯವಾದ ಮೇಲ್‌ಗಳನ್ನೆಲ್ಲ ನೋಟ್ಸ್ ಆ್ಯಪ್‌ನಲ್ಲಿ ಒಂದೇ ಕಡೆ ಇಟ್ಟುಕೊಳ್ಳಬೇಕು ಅಂತಿದ್ದೇನೆ. ಕಂಪ್ಯೂಟರ್‌ನಲ್ಲಾದರೆ ಬ್ರೌಸರ್ ಎಕ್ಸ್‌ಟೆನ್ಶನ್ ಇದೆ, ಒಂದು ಕ್ಲಿಕ್ ಸಾಕು. ಫೋನಿನಲ್ಲಿ ಮೇಲ್ ತೆರೆದರೆ ಶೇರ್ ಬಟನ್ನೇ ಕಾಣುವುದಿಲ್ಲ.

ಮೂರು ಚುಕ್ಕೆ ಒತ್ತಿ, ಪ್ರಿಂಟ್‌ಗೆ ಹೋಗಿ, ಪಿಡಿಎಫ್ ಮಾಡಿ ಸೇರಿಸಿದೆ. ಮೇಲ್ ಬಂತು, ಅಟ್ಯಾಚ್‌ಮೆಂಟ್ ಬರಲಿಲ್ಲ. ಕಾಪಿ ಪೇಸ್ಟ್ ಮಾಡಿದರೆ ಟೇಬಲ್‌ಗಳೆಲ್ಲ ಚೆಲ್ಲಾಪಿಲ್ಲಿ. ಯಾರು, ಯಾವತ್ತು ಕಳಿಸಿದ್ದು ಅನ್ನುವುದೂ ಹೋಗಿಬಿಡುತ್ತದೆ. ನನಗೆ ಅದೇ ಜಾಸ್ತಿ ಮುಖ್ಯ.

ಕೆಲವು ಆ್ಯಪ್‌ಗಳು ನಮಗೇ ಅಂತ ಒಂದು ಇಮೇಲ್ ವಿಳಾಸ ಕೊಡುತ್ತವೆ, ಅಲ್ಲಿಗೆ ಫಾರ್ವರ್ಡ್ ಮಾಡಿದರೆ ನೋಟ್ ಆಗುತ್ತದೆ ಅಲ್ವಾ? ಅದನ್ನು ದಿನಾ ಬಳಸುವವರು ದಯವಿಟ್ಟು ತಿಳಿಸಿ. ಅಟ್ಯಾಚ್‌ಮೆಂಟ್ ಸಮೇತ ಬರುತ್ತದಾ? ಕನ್ನಡ ಅಕ್ಷರ ಸರಿಯಾಗಿ ಉಳಿಯುತ್ತದಾ? ನನ್ನದು ಆಂಡ್ರಾಯ್ಡ್ ಫೋನು.