ಎಕ್ಸೆಲ್ ಚಾರ್ಟನ್ನು ಸ್ಲೈಡಿಗೆ ಹಾಕೋದು: ಲಿಂಕಾ, ಎಂಬೆಡ್ಡಾ, ಚಿತ್ರವಾ?

ಹೊಸಬ: ಪ್ರತಿ ತಿಂಗಳು ಎಕ್ಸೆಲ್‌ನಿಂದ 12 ಚಾರ್ಟ್ ತೆಗೆದು ಪವರ್‌ಪಾಯಿಂಟ್‌ಗೆ ಹಾಕಬೇಕು. ಎಕ್ಸೆಲ್ ಫೈಲಿನಿಂದಲೇ ಅಂಕಿ ಬರುವಂತೆ ಲಿಂಕ್ ಕೊಡಲಾ, ಸ್ಲೈಡ್ ಫೈಲಿನೊಳಗೇ ಸೇರಿಸಿ ಎಂಬೆಡ್ ಮಾಡಲಾ, ಚಿತ್ರವಾಗಿ ಅಂಟಿಸಲಾ? ಒಂದು ಸ್ಲೈಡಿನ ಆಕೃತಿ ಮುಂದಿನ ಸ್ಲೈಡಿನದಾಗಿ ಮೆಲ್ಲಗೆ ಬದಲಾಗುತ್ತದಲ್ಲ, ಆ ಮಾರ್ಫ್ ಬಳಸುವ ಆಸೆಯೂ ಇದೆ. ಅರ್ಧ ಜನ ಮೊಬೈಲ್‌ನಲ್ಲೇ ನೋಡುತ್ತಾರೆ. ಅನುಭವ ಇದ್ದವರು ಹೇಳಿ.

ಸುಟ್ಟಕೈ: ಲಿಂಕ್ ಸಹವಾಸ ಬೇಡ. ನಾನು 31 ಚಾರ್ಟಿಗೆ ಲಿಂಕ್ ಕೊಟ್ಟಿದ್ದೆ. ಸಭೆಗೆ ನಾಲ್ಕು ದಿನ ಇದ್ದಾಗ ಯಾರೋ ಎಕ್ಸೆಲ್ ಫೈಲನ್ನು ಬೇರೆ ಫೋಲ್ಡರಿಗೆ ಸರಿಸಿದರು. ಲಿಂಕ್ ತಪ್ಪಿದರೆ ಚಾರ್ಟ್ ಖಾಲಿಯಾಗೋದಿಲ್ಲ, ಹಳೇ ಅಂಕಿಯನ್ನೇ ತೋರಿಸುತ್ತಾ ಕೂತಿರುತ್ತದೆ. ಹೋದ ತಿಂಗಳ ಮಾರಾಟವನ್ನು ಈ ತಿಂಗಳದ್ದು ಅಂತ 20 ನಿಮಿಷ ವಿವರಿಸಿದೆ. ಹಿಂದಿನ ಸಾಲಿನಿಂದ ಒಬ್ಬರು ಎದ್ದು ಕೇಳಿದಾಗಲೇ ಗೊತ್ತಾಗಿದ್ದು. ಆ ರಾತ್ರಿ ಎಲ್ಲ ಸರಿಪಡಿಸುವಾಗ ಎರಡೂವರೆ ಗಂಟೆ. ಅಂದಿನಿಂದ ಎಲ್ಲವೂ ಚಿತ್ರ.

ಲೆಕ್ಕದಾಕೆ: ಫೈಲ್ ಸರಿಸಿದವರ ತಪ್ಪಿಗೆ ಲಿಂಕನ್ನು ಯಾಕೆ ಬೈಯುತ್ತೀರಿ? ನನ್ನನ್ನು ಕೇಳಿ, ಎಂಬೆಡ್ ಮಾಡಿ ಕೆಟ್ಟವಳು ನಾನು. ಒಂದು ಚಾರ್ಟ್ ಅಂಟಿಸಿದೆ ಅಂದುಕೊಂಡೆ, ಎಲ್ಲ ಶೀಟುಗಳಿರುವ ಇಡೀ ಎಕ್ಸೆಲ್ ವರ್ಕ್‌ಬುಕ್ಕೇ ಒಳಗೆ ಹೋಗಿತ್ತು. 3 ಎಂಬಿ ಇದ್ದ ಫೈಲ್ 58 ಎಂಬಿ ಆಯಿತು. ಅದೂ ಹೋಗಲಿ. ಆ ವರ್ಕ್‌ಬುಕ್ಕಿನ ಇನ್ನೊಂದು ಶೀಟಿನಲ್ಲಿ ಸಂಬಳದ ಪಟ್ಟಿ ಇತ್ತು. ಸ್ಲೈಡ್ ಪಡೆದವರೊಬ್ಬರು 'ಎಡಿಟ್ ಡೇಟಾ' ಒತ್ತಿದರು. 14 ಜನರ ಮುಂದೆ ಒಬ್ಬೊಬ್ಬರಾಗಿ ನಿಂತು ಕ್ಷಮೆ ಕೇಳಿದ್ದೇನೆ. ಈಗ ಲಿಂಕ್ ಮಾತ್ರ. ಸಭೆಗೆ ಮೊದಲು 'ಎಡಿಟ್ ಲಿಂಕ್ಸ್' ತೆರೆದು ಪ್ರತಿಯೊಂದನ್ನೂ ಅಪ್‌ಡೇಟ್ ಮಾಡುತ್ತೇನೆ.

ಸುಟ್ಟಕೈ: ಅಂದರೆ ನಾನು ಅದನ್ನು ನೋಡಲಿಲ್ಲ ಅಂತಲಾ? ಚಿತ್ರ ಹಾಕಿದ್ದರೆ ನಿಮ್ಮ ಸಂಬಳದ ಪಟ್ಟಿ ಹೊರಗೆ ಬರುತ್ತಿತ್ತಾ ಮೇಡಂ?

ಚೌಕಗಾರ: ಮಾರ್ಫ್ ಬಗ್ಗೆ ನಾನು ಹೇಳುತ್ತೇನೆ. ಚಾರ್ಟ್‌ಗೆ ಮಾರ್ಫ್ ಹಾಕಿದರೆ ಕಂಬ ಬೆಳೆಯೋದಿಲ್ಲ, ಒಂದು ಮಸುಕಾಗಿ ಇನ್ನೊಂದು ಮೂಡುತ್ತದೆ ಅಷ್ಟೇ. ಅದಕ್ಕೆ ಕಂಬಗಳನ್ನೆಲ್ಲ ಆಯತ ಎಳೆದು ನಾನೇ ಮಾಡಿದೆ. ಎರಡೂ ಸ್ಲೈಡಿನಲ್ಲಿ, ಆಕೃತಿಗಳ ಹೆಸರಿನ ಪಟ್ಟಿ ಇರುವ ಸೆಲೆಕ್ಷನ್ ಪೇನ್‌ಗೆ ಹೋಗಿ ಒಂದೇ ಹೆಸರು ಇಡಬೇಕು, ಹೆಸರಿನ ಮುಂದೆ ಎರಡು ಆಶ್ಚರ್ಯಚಿಹ್ನೆ ಇರಲೇಬೇಕು. ಆಗ ಯಾವ ಕಂಬ ಯಾವುದಾಗಬೇಕು ಅಂತ ತಪ್ಪೋದಿಲ್ಲ. 9 ಸ್ಲೈಡಿಗೆ ಎರಡು ಭಾನುವಾರ ಹಿಡಿಯಿತು. ಸಭೆಯ ಕಂಪ್ಯೂಟರಿನಲ್ಲಿ ಮಾರ್ಫ್ ಇಲ್ಲದ 2013ರ ಪವರ್‌ಪಾಯಿಂಟ್! ಎಲ್ಲವೂ ಬರೀ ಫೇಡ್ ಆಯಿತು. ಆದರೂ ಮುಂದಿನ ಸಲ ನನ್ನ ಲ್ಯಾಪ್‌ಟಾಪ್ ಒಯ್ದು ತೋರಿಸಿದೆ, ಎಲ್ಲರೂ ಕಣ್ಣು ಮಿಟುಕಿಸದೆ ನೋಡಿದರು.

ಲೆಕ್ಕದಾಕೆ: ಕೈಯಲ್ಲಿ ಎಳೆದ ಕಂಬಕ್ಕೂ ಅಂಕಿಗೂ ಏನು ಸಂಬಂಧ? ಅದು ಚಾರ್ಟ್ ಅಲ್ಲ, ಚಿತ್ರಕಲೆ.

ಚೌಕಗಾರ: ಅಂದಾಜಿಗೆ ಎಳೆದಿಲ್ಲ ಮೇಡಂ. 10 ಅಂಕಿಗೆ 1 ಸೆಂಟಿಮೀಟರ್ ಅಂತ ಎತ್ತರದ ಜಾಗದಲ್ಲಿ ಟೈಪ್ ಮಾಡಿದ್ದೇನೆ. ಎಕ್ಸೆಲ್‌ನಲ್ಲೇ ಮಾಡಿ ಅಕ್ಷವನ್ನು 90ರಿಂದ ಶುರು ಮಾಡುವವರನ್ನು ಕೇಳಿ. 92 ಮತ್ತು 96ರ ಕಂಬ ಇಟ್ಟರೆ ಎರಡನೆಯದು ಮೂರು ಪಟ್ಟು ಎತ್ತರ ಕಾಣುತ್ತದೆ. ಅದು ಪ್ರಾಮಾಣಿಕವಾ?

ಸುಟ್ಟಕೈ: 90ರಿಂದ ಶುರು ಮಾಡಿದ್ದು ನಾನೇ. ಸೊನ್ನೆಯಿಂದ ಶುರು ಮಾಡಿದರೆ ವ್ಯತ್ಯಾಸವೇ ಕಾಣೋದಿಲ್ಲ. ಅಕ್ಷದ ಮೇಲೆ 90 ಅಂತ ದಪ್ಪಗೆ ಬರೆದಿದ್ದೆ.

ಲೆಕ್ಕದಾಕೆ: ಕಂಬದ ಎತ್ತರವೇ ಅಂಕಿ. ಬುಡ ಕತ್ತರಿಸಿ ಪಕ್ಕದಲ್ಲಿ ಬರೆದರೆ ಏನು ಬಂತು? ಗೆರೆಯ ಚಾರ್ಟ್ ಹಾಕಿ, ಆಗ 90ರಿಂದ ಶುರು ಮಾಡಿದರೂ ನಾನು ಜಗಳಕ್ಕೆ ಬರೋದಿಲ್ಲ.

ಹೊಸಬ: ಇಷ್ಟು ಬರೆದಿದ್ದಕ್ಕೆ ಎಲ್ಲರಿಗೂ ಥ್ಯಾಂಕ್ಸ್. ಸಂಬಳದ ಶೀಟ್ ನನ್ನ ಫೈಲಿನಲ್ಲೂ ಇದೆ, ಈಗಲೇ ಬೇರೆ ಮಾಡುತ್ತೇನೆ. ಮೊಬೈಲ್‌ನಲ್ಲಿ ಹೇಗೆ ಕಾಣುತ್ತದೆ ಅಂತ ಯಾರಾದರೂ ನೋಡಿದ್ದೀರಾ?